ಹಳ್ಳದ ದಾರಿ ಹಳದಿಯಾಯಿತು

ಗುಡೂರು ರಸ್ತೆ, ಇಳಕಲ್ಲಿನ ಹೊರಗೆ
೧೭-೦೪-೨೦೨೫, ಗುರುವಾರ

ಪ್ರೀತಿಯ ಅಪ್ಪನಿಗೆ,

ನಾನು ರಾಜಶ್ರೀ, ನಿನ್ನ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ನಾನೂ ಅವ್ವನೂ ಇಲ್ಲಿ ಉಂಡು ತಿಂದು ನೆಟ್ಟಗಿದ್ದೇವೆ. ಮಸ್ಕಿ ಕಡೆಯ ಬಿಸಿಲು ನಿನಗೆ ಹೇಗಾಗುತ್ತಿದೆಯೋ ಎಂದು ದಿನಾ ಮಾತಾಡಿಕೊಳ್ಳುತ್ತೇವೆ. ಎಡಗಾಲಿನ ಹಿಮ್ಮಡಿ ಒಡೆದಿತ್ತಲ್ಲ, ಕೂಡಿತೇ? ಅವ್ವ ಔಡಲೆಣ್ಣೆ ಕಳಿಸಿದ್ದಾಳೆ. ಹಚ್ಚಿಕೊಂಡು ಅರಿವೆ ಸುತ್ತಿಕೊಳ್ಳಬೇಕಂತೆ. ನೀನು ಅದನ್ನು ಕುರಿಯ ಗೊರಸಿಗೆ ಹಚ್ಚಿ ಬಾಟಲಿ ಖಾಲಿ ಮಾಡುತ್ತೀ ಎಂದೂ ಅವಳೇ ಹೇಳುತ್ತಾಳೆ. ಬೀರೇಶಣ್ಣ, ಅಪ್ಪನ ಜೊತೆ ಕುರಿ ಕಾಯುವವನು ನೀನು, ಈ ಪತ್ರವನ್ನು ಅವನಿಗೆ ಓದಿ ಹೇಳುವವನೂ ನೀನೇ. ನನ್ನ ಅಕ್ಷರಕ್ಕೆ ನಗುವುದಿದ್ದರೆ ಈಗಲೇ ನಕ್ಕು ಮುಗಿಸು, ಮುಂದೆ ನಗುವಂಥದ್ದು ಕಡಿಮೆ ಇದೆ. ನಡುನಡುವೆ ಬಿಟ್ಟು ಓದಬೇಡ. ಬಿಟ್ಟರೆ ಅಪ್ಪನಿಗೆ ಗೊತ್ತಾಗುತ್ತದೆ, ನಿನ್ನ ಮುಖ ನೋಡಿದರೆ ಸಾಕು.

ಫೋನಿನಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳುತ್ತೀ. ಫೋನು ಕಿವಿಗೆ ಹಿಡಿದರೆ ನನಗೆ ಹೂಂ, ಹಾಂ ಬಿಟ್ಟು ಬೇರೆ ಬರುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಹೋದ ವಾರ ನೀನು, ‘ಏನರ ಮಾತಾಡ ಮಗಳ, ಯಾಕ ಸುಮ್ಮನ ಅದಿ?’ ಎಂದೆ. ನಾನು, ‘ಏನಿಲ್ಲಪಾ, ಆರಾಮ ಅದೇವಿ’ ಎಂದು ಫೋನನ್ನು ಅವ್ವನ ಕೈಗೆ ಕೊಟ್ಟೆ. ಏನಿಲ್ಲ, ಯಾರಿಲ್ಲ ಎನ್ನುವ ಮಾತು ನನ್ನ ಬಾಯಿಗೆ ತಾನಾಗಿಯೇ ಬರುತ್ತದೆ ಅಪ್ಪಾ. ಆ ಮಾತಿನಿಂದಲೇ ಈಗ ಒಂದು ಕೆಲಸ ಕೆಟ್ಟಿದೆ. ಕುರಿ ವ್ಯಾಪಾರದ ಲಾಡಸಾಬ ಕಾಕಾ ಮರಿ ನೋಡಲು ನಿಮ್ಮ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಟ್ಟರೆ ನೇರ ನಿನಗೇ ಮುಟ್ಟುತ್ತದೆ ಎಂದು ಕೂತು ಬರೆಯುತ್ತಿದ್ದೇನೆ.

ಮೊದಲು ಮನೆಯ ಸುದ್ದಿ. ನೀನು ನಡೆಯಲಾಗದೆಂದು ಬಿಟ್ಟುಹೋದ ಕುಂಟು ಮರಿ ಈಗ ಮರಿಯಲ್ಲ. ಅವ್ವನ ಹೊರಸಿನ ಹಗ್ಗ ತಿಂದು ಹಾಕಿದೆ. ಅವ್ವ ಅದನ್ನು ಬೈಯುತ್ತಲೇ ರೊಟ್ಟಿ ಮುರಿದು ಹಾಕುತ್ತಾಳೆ. ನಾನು ಮೊದಲಿನ ಹಾಗೆಯೇ ಮಹಾನಂದಕ್ಕನ ಮನೆಗೆ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲು ಹೋಗುತ್ತೇನೆ. ಆಕೆಯ ಗಂಡ ಶಿವಪುತ್ರಣ್ಣ ಒಂದೇ ಮಗ್ಗದಲ್ಲಿ ಮನೆ ನಡೆಸುತ್ತಾನೆ. ಆ ಮನೆ ನೀನು ನೋಡಿಲ್ಲ. ಮುಂದಿನ ಖೋಲಿಯನ್ನೆಲ್ಲ ಮಗ್ಗವೇ ನುಂಗಿದೆ. ರಾತ್ರಿ ಮಕ್ಕಳು ಮಗ್ಗದ ಕೆಳಗೆ ತೂರಿ ಮಲಗುತ್ತಾರೆ, ಎದ್ದಾಗ ಕೂದಲ ತುಂಬ ನೂಲಿನ ತುಣುಕು. ಬಾಡಿಗೆಯವರು ಬಿಡಿ ಎಂದಾಗಲೆಲ್ಲ ಮಗ್ಗ ಬಿಚ್ಚಬೇಕು, ಇನ್ನೊಂದು ಓಣಿಯಲ್ಲಿ ಕಟ್ಟಬೇಕು. ‘ನಿಮ್ಮಪ್ಪ ಕುರಿ ಬೆನ್ನ ಹತ್ತಿ ತಿರಗತಾನ, ನಾವು ಮಗ್ಗಾ ಹೊತಗೊಂಡ ತಿರಗತೇವಿ. ಕುರಿಗೆ ಕಾಲರ ಅದಾವ’ ಎಂದು ಮಹಾನಂದಕ್ಕ ನಗುತ್ತಾಳೆ. ಈ ಮಾತನ್ನು ಯಾಕೆ ಬರೆದೆ ಎಂದು ಮುಂದೆ ತಿಳಿಯುತ್ತದೆ.

ಊರು ನೀನು ಬಿಟ್ಟುಹೋದ ಹಾಗೆ ಇಲ್ಲ. ದೀಪಾವಳಿ ಮುಗಿಸಿ ನೀವು ಹೊರಟಾಗ ರಸ್ತೆಯ ಬಲಗಡೆ ಬಿಳಿಜೋಳ ಮೊಣಕಾಲು ಮಟ್ಟ ಇತ್ತಲ್ಲ, ಆ ಹೊಲಗಳಲ್ಲಿ ಈಗ ಪ್ಲಾಟು ಹಾಕಿದ್ದಾರೆ. ಕೆಂಪು ತಲೆಯ ಕಲ್ಲು ಸಾಲಾಗಿ ನೆಟ್ಟು, ಮುಂದೆ ಒಂದು ಕಮಾನು ಕಟ್ಟಿದ್ದಾರೆ. ಕಮಾನಿನ ಹಿಂದೆ ಮನೆ ಒಂದೂ ಇಲ್ಲ, ಗಾಳಿ ಅಷ್ಟೇ. ನೀನು ಪ್ರತಿ ವರ್ಷ ಮಳೆಗೆ ಮೊದಲು ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತಿದ್ದ ಹೊಲವೂ ಅದರಲ್ಲಿ ಹೋಯಿತು. ಆ ಹೊಲದ ರೈತ ಮೊನ್ನೆ ಸಿಕ್ಕು, ‘ನಿಮ್ಮಪ್ಪಗ ಹೇಳವಾ, ಇನ್ನ ನಮಗ ಕುರಿ ಗೊಬ್ಬರ ಬ್ಯಾಡ’ ಎಂದು ನೆಲ ನೋಡಿಕೊಂಡು ಹೇಳಿದ. ಅವನಿಗೂ ಸಂತೋಷವಿದ್ದಂತೆ ಕಾಣಲಿಲ್ಲ. ಹೀಗೆ ಎಲ್ಲರೂ ಮನಸ್ಸಿಗೆ ಬಂದಲ್ಲಿ ಪ್ಲಾಟು ಹಾಕುತ್ತಾ ಹೋದರೆ ನೀರು ಎಲ್ಲಿ ಹರಿಯಬೇಕು, ರಸ್ತೆ ಎಲ್ಲಿ ಬರಬೇಕು ಎಂದು ಸರಕಾರದವರು ಊರಿಗೆಲ್ಲ ಒಂದು ದೊಡ್ಡ ನಕ್ಷೆ ಮಾಡಲು ಹೊರಟಿದ್ದಾರೆ. ಮುಂದಿನ ಇಪ್ಪತ್ತು ವರ್ಷ ಎಲ್ಲಿ ಮನೆ, ಎಲ್ಲಿ ಹೊಲ, ಎಲ್ಲಿ ಕಾರ್ಖಾನೆ ಎಂದು ಅದರಲ್ಲಿ ಬಣ್ಣ ಹಚ್ಚುತ್ತಾರೆ. ಒಳ್ಳೆಯದೇ ಅಲ್ಲವೇ. ಆ ಕೆಲಸಕ್ಕೇ ಸಂಕ್ರಾಂತಿ ಕಳೆದ ಮೇಲೆ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಹೆಸರು ಮುಮ್ತಾಜ. ಓದಿದ ಹುಡುಗಿ, ನನ್ನ ವಾರಿಗೆಯವಳೇ ಇರಬೇಕು. ಬಿಸಿಲಲ್ಲಿ ಮನೆಮನೆ ತಿರುಗಿ ಮುಖ ಕೆಂಪಾಗಿತ್ತು. ನೀರು ಕೇಳಿದಳು, ಕೊಟ್ಟೆ. ಕಟ್ಟೆಯ ಮೇಲೆ ಕೂತು ಕೈಯಲ್ಲಿದ್ದ ಹಲಗೆಯಂಥ ಫೋನು ತೆರೆದಳು.

ಅವಳು ಕೂರುವ ಮೊದಲು ನಾನು ಕಟ್ಟೆಯ ಮೇಲಿದ್ದ ನಿನ್ನ ಹಳೆಯ ಕಂಬಳಿಯನ್ನು ಎಳೆದು ಒಳಗೆ ಎಸೆದೆ ಅಪ್ಪಾ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ. ಅವಳ ಅರಿವೆಯಿಂದ ಸಾಬೂನಿನ ವಾಸನೆ ಬರುತ್ತಿತ್ತು. ನಮ್ಮ ಅಂಗಳದ ವಾಸನೆ ನನ್ನ ಮೂಗಿಗೆ ಬಡಿದದ್ದು ಅವತ್ತೇ ಮೊದಲು. ಅವಳು ಹಳ್ಳದ ಕಡೆ ಕೈ ಮಾಡಿ, ‘ಆ ಬಯಲಾಗ ಕುರಿ, ದನಾ ಏನರ ಮೇಯಸ್ತಾರೇನ್ರಿ? ನಿಮ್ಮವು ಎಷ್ಟ ಅದಾವ?’ ಎಂದು ಕೇಳಿದಳು. ಹೊರಗಿನವರ ಮುಂದೆ ಕುರಿಯ ಎಣಿಕೆ ಹೇಳಬಾರದು, ಹಟ್ಟಿಗೆ ಕಣ್ಣು ತಾಗುತ್ತದೆ ಎಂದು ನೀನು ನನಗೆ ಸಣ್ಣಂದಿನಿಂದ ಹೇಳಿದ್ದೀ. ನೀನೇ ಎಂದೂ ಎಣಿಸಿದವನಲ್ಲ. ಸಂಜೆ ಕುರಿ ಕೂಡುವ ಬಲೆಯ ಬಾಯಿಯಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತೀ, ಯಾವುದರ ಮುಖ ಕಾಣಲಿಲ್ಲವೋ ಅದನ್ನು ಹುಡುಕಲು ಹೋಗುತ್ತೀ. ಹಾಗಿರುವಾಗ ನಾನು ಏನೆನ್ನಲಿ? ಗಾಬರಿಯಲ್ಲಿ, ‘ಕುರಿ ಇಲ್ರಿ’ ಎಂದೆ. ಅಷ್ಟರಲ್ಲಿ ಒಳಗಿನಿಂದ ಕುಂಟು ಮರಿ ಒದರಿತು. ಅವಳು ನಕ್ಕು, ‘ಮತ್ತ ಅದೇನ್ರಿ?’ ಎಂದಳು. ‘ಅದು ಮನಿಯಾಗಿಂದ್ರಿ, ಸುಮ್ಮನ ಸಾಕೇವಿ. ಬ್ಯಾರೆ ಯಾವೂ ಇಲ್ಲ’ ಎಂದೆ. ‘ಹಂಗಾರ ಆ ಬಯಲು ಖಾಲಿ ಬಿದ್ದೈತೇನ್ರಿ?’ ಎಂದಳು. ಹೂಂ ಎಂದೆ. ನೀವು ಮಸ್ಕಿಯಲ್ಲಿದ್ದಿರಿ, ಬಯಲು ಅವತ್ತು ಖಾಲಿಯೇ ಇತ್ತು, ನೋಡಿದರೆ ಯಾರಾದರೂ ನಂಬುವ ಹಾಗಿತ್ತು. ಅವಳು ಏನೋ ಒತ್ತಿ, ನೀರಿಗೆ ಉಪಕಾರ ಹೇಳಿ ಎದ್ದು ಹೋದಳು.

ಹೊಲದಿಂದ ಬಂದ ಅವ್ವನಿಗೆ, ಎಣಿಕೆ ಕೇಳಲು ಬಂದಿದ್ದರು, ನಾನು ಹೇಳಲಿಲ್ಲ ಎಂದೆ. ‘ಚಲೋ ಮಾಡಿದಿ’ ಎಂದು ಅವ್ವ ನನ್ನ ತಲೆ ಸವರಿದಳು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತೂ ನನಗೆ ಸುಡುತ್ತಿತ್ತು. ಎಣಿಕೆ ಹೇಳಬೇಡ ಎಂದವನು ನೀನು. ಕುರಿಯೇ ಇಲ್ಲ ಎನ್ನು ಎಂದು ನೀನು ಹೇಳಿರಲಿಲ್ಲ. ಅದು ನನ್ನದೇ. ಕಣ್ಣಿನ ಹೆದರಿಕೆ ಅರ್ಧ ಇರಬಹುದು. ಉಳಿದ ಅರ್ಧ, ಆ ಸಾಬೂನಿನ ವಾಸನೆಯ ಹುಡುಗಿಯ ಮುಂದೆ ಕುರಿಯವರ ಮಗಳಾಗಿ ನಿಲ್ಲಲು ನನಗೆ ನಾಚಿಕೆಯಾಯಿತು. ನಿನ್ನ ಕುರಿಗಳೇ ನನಗೆ ಅನ್ನ ಹಾಕಿದವು. ಐದನೇ ಇಯತ್ತೆಯಲ್ಲಿ ನನ್ನ ಶಾಲೆಯ ಪುಸ್ತಕ ಬಂದದ್ದೂ ಉಣ್ಣೆ ಮಾರಿದ ರೊಕ್ಕದಿಂದಲೇ.

ಆಮೇಲೆ ಆ ಮಾತು ಮರೆತೇ ಹೋಗಿತ್ತು. ಯುಗಾದಿ ಮುಗಿದ ಮೇಲೆ ಕಚೇರಿಯ ಗೋಡೆಗೆ ನಕ್ಷೆ ಹಚ್ಚಿದ್ದಾರೆ, ಬಡವರ ಮನೆಗಳಿಗೆ ಜಾಗ ತೋರಿಸಿದ್ದಾರಂತೆ, ನೋಡಿ ಬರೋಣ ಬಾ ಎಂದು ಮಹಾನಂದಕ್ಕ ಕರೆದಳು. ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಕಚೇರಿಯ ಮುಂದೆ ಚುರುಮುರಿ ಕೊಂಡು ತಿನ್ನುತ್ತಾ ನಿಂತೆವು. ಗೋಡೆಯ ತುಂಬ ನಕ್ಷೆ. ಹಸಿರು ಇದ್ದಲ್ಲಿ ಹೊಲ, ಹಳದಿ ಇದ್ದಲ್ಲಿ ಮನೆ ಎಂದು ಕೆಳಗೆ ಬರೆದಿತ್ತು, ನಾನೇ ಓದಿ ಹೇಳಿದೆ. ಮೊದಲು ಹೆದ್ದಾರಿ ಸಿಕ್ಕಿತು, ಆಮೇಲೆ ಸೇತುವೆ, ಸೇತುವೆಯ ಕೆಳಗಿನಿಂದ ಬರುವ ನಮ್ಮ ಹಳ್ಳ ನೀಲಿ ದಾರದ ಹಾಗೆ ಕಂಡಿತು. ಅದರ ಎರಡೂ ದಂಡೆ ಹಳದಿ. ಬನ್ನಿಗಿಡ ಇಲ್ಲ, ಅದರ ಕೆಳಗಿನ ನಮ್ಮ ದೇವರು ಬೀರಪ್ಪನ ಕಲ್ಲು ಇಲ್ಲ, ಕುರಿ ಮೇಯುವ ಗಾಯರಾಣವೆಲ್ಲ ಹಳದಿ. ಮಹಾನಂದಕ್ಕ ಆ ಹಳದಿಯ ನಟ್ಟನಡುವೆ ಬೆರಳಿಟ್ಟು, ‘ಇಲ್ಲಿ ನೋಡ ರಾಜಿ, ಇಲ್ಲೇ ನಮ್ಮ ಮನಿ. ಮಗ್ಗಕ್ಕ ಒಂದ ಖೋಲಿ, ಹುಡುಗರಿಗೆ ಒಂದ ಖೋಲಿ. ನೀ ಕಂಡಿಕಿ ಸುತ್ತಾಕ ಇಲ್ಲೇ ನಿಮ್ಮ ಹಿತ್ತಲದಿಂದ ನಡಕೊಂಡ ಬರಬಹುದು’ ಎಂದಳು. ಅವಳು ಬೆರಳಿಟ್ಟದ್ದು, ಗುಡ್ಡಕ್ಕೆ ಹತ್ತುವ ಮೊದಲು ನೀನು ಹಿಂಡನ್ನು ನಿಲ್ಲಿಸಿ ನೀರು ಕುಡಿಸುವ ಜಾಗದ ಮೇಲೆ. ‘ಚಂದ ಆಗ್ತೈತಿ ಅಕ್ಕಾ’ ಎಂದೆ. ನೋಡು, ಅಲ್ಲಿಯೂ ಹಾಗೆಯೇ ಅಂದೆ.

ಅವತ್ತಿನಿಂದ ನನಗೆ ಕೆಂಚನೇ ಕಣ್ಣ ಮುಂದೆ. ಹೋದ ವರ್ಷ ನೀವು ಮರಳಿ ಬರುವಾಗ ಹಳ್ಳದ ಆಚೆ ಮಗ್ಗುಲಲ್ಲಿ ಪ್ಲಾಟಿನವರು ಗೋಡೆ ಕಟ್ಟಿದ್ದರೆಂದು ಹಿಂಡನ್ನು ಸ್ವಲ್ಪ ದೂರ ಹೆದ್ದಾರಿಯ ಮೇಲೆ ಹೊಡೆಯಬೇಕಾಯಿತಲ್ಲ. ಅಷ್ಟೇ ದೂರದಲ್ಲಿ ಲಾರಿ ಬಂದು ಮುಂದಿದ್ದ ಕೆಂಚ ಟಗರಿಗೆ ಬಡಿಯಿತು. ನೀನು ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದು ಮಣ್ಣು ಮಾಡಿದೆ. ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದಿದ್ದೆ. ಸೇತುವೆಯ ಕೆಳಗಿನ ಹಳ್ಳದ ದಾರಿಯೂ ಹೋದರೆ ಇಡೀ ಹಿಂಡು ಹೆದ್ದಾರಿಯನ್ನೇ ದಾಟಬೇಕು. ಬೇರೆ ದಾರಿ ಎಲ್ಲಿದೆ? ಒಂದು ಕಡೆ ಕಲ್ಲಿನ ಗಣಿ, ಇನ್ನೊಂದು ಕಡೆ ಕಮಾನು. ಆ ಹಳದಿ ಬಣ್ಣ ಹಚ್ಚಿದ್ದು ಯಾರು ಎಂದು ಯಾರಾದರೂ ಕೇಳಿದರೆ ನಾನು ಕೈ ಎತ್ತಬೇಕು.

ಎರಡು ದಿನ ತಾಳಿದೆ. ಆಮೇಲೆ ಅವ್ವನಿಗೂ ಹೇಳದೆ ಒಬ್ಬಳೇ ಕಚೇರಿಗೆ ಹೋದೆ. ಬಾಗಿಲ ತನಕ ಹೋಗಿ ಹಿಂದೆ ಬಂದೆ, ಮತ್ತೆ ಹೋದೆ. ಪುಣ್ಯಕ್ಕೆ ಮುಮ್ತಾಜಳೇ ಕೂತಿದ್ದಳು. ಗುರುತು ಹಿಡಿದು, ‘ನೀರ ಕೊಟ್ಟಿದ್ರೆಲ್ರಿ’ ಎಂದು ಕುರ್ಚಿ ಕೊಟ್ಟಳು. ನಾನು ಕೂರಲಿಲ್ಲ. ನಿಂತೇ ಇದ್ದು, ನಮ್ಮವು ಕುರಿ ಇವೆ, ಭಾಳ ಇವೆ, ಮಳೆಗಾಲಕ್ಕೆ ಬರುತ್ತವೆ, ಹಳ್ಳದ ದಾರಿಯಲ್ಲೇ ಬರುತ್ತವೆ ಎಂದೆ. ‘ಅವತ್ತ ಇಲ್ಲಂದ್ರೆಲ್ರಿ. ನೀವು ಹೇಳಿದ್ದನ್ನ ನಾ ಬರಕೊಂಡೇನಿ’ ಎಂದಳು. ಬೈಯಲಿಲ್ಲ ಅಪ್ಪಾ, ಬೈದಿದ್ದರೆ ಹಗುರಾಗುತ್ತಿತ್ತು. ‘ಕಣ್ಣ ತಾಗತೈತಿ ಅಂತ ಹೇಳಲಿಲ್ರಿ’ ಎಂದೆ. ಅವಳು, ‘ನಮ್ಮ ದಾದಿ, ಅಪ್ಪನ ಅವ್ವ, ಆಕಿನೂ ಕೋಳಿಮರಿ ಎಣಸಾಕ ಬಿಡ್ತಿರಲಿಲ್ಲ’ ಎಂದಳು. ಆಮೇಲೆ ಹಾಳೆ ಕೊಟ್ಟು, ಈ ನಕ್ಷೆ ಇನ್ನೂ ಗಟ್ಟಿಯಾಗಿಲ್ಲ, ಯಾರಿಗೆ ಏನು ತಕರಾರು ಇದೆಯೋ ಬರೆದು ಕೊಡಬಹುದು ಎಂದಳು. ನನ್ನ ಕೈಯಲ್ಲೇ ಬರೆದೆ. ಮನೆಗಳು ಬೇಡ ಎಂದು ನಾನು ಬರೆದಿಲ್ಲ. ಹಳ್ಳದ ದಂಡೆಗೆ ಹಿಂಡು ಹಾಯುವಷ್ಟು ದಾರಿ, ನೀರಿನ ಜಾಗ, ಬನ್ನಿಗಿಡ, ಬೀರಪ್ಪನ ಕಲ್ಲು ಇಷ್ಟು ಬಿಡಿರಿ, ಮನೆಗಳನ್ನು ಎತ್ತರದ ಮರಡಿಯ ಕಡೆ ಮಾಡಿರಿ ಎಂದು ಬರೆದೆ. ಅವಳು ಓದಿ, ಮೇಲಿನ ಸಾಹೇಬರು ಮೇ ಐದನೇ ತಾರೀಕು ಸೋಮವಾರ ಮುಂಜಾನೆ ಆ ಜಾಗ ನೋಡಲು ಬರುತ್ತಾರೆ, ನೀವು ಅಲ್ಲಿ ಇರಬೇಕು ಎಂದಳು. ‘ದಾರಿ ಬಿಟ್ರ ಮನಿ ಜಾಗಾ ಒಂದಿಷ್ಟ ಕಡಿಮಿ ಆಗ್ತಾವ್ರಿ. ಕೇಳವರು ಭಾಳ ಮಂದಿ ಅದಾರ. ಸುಳ್ಳ ಯಾಕ ಹೇಳಲಿ’ ಎಂದೂ ಅಂದಳು.

ಆ ಮಾತನ್ನು ಹೊತ್ತುಕೊಂಡು ಮಹಾನಂದಕ್ಕನ ಮುಂದೆ ಹೋಗಿ ನಿಂತೆ. ಬೇರೆಯವರ ಬಾಯಿಂದ ಅವಳಿಗೆ ತಿಳಿಯಬಾರದು ಎನ್ನಿಸಿತು. ಎಲ್ಲ ಹೇಳಿದೆ. ಅವಳು ಕಂಡಿಕೆಯ ಬುಟ್ಟಿಯನ್ನು ನನ್ನ ಕೈಯಿಂದ ಕಿತ್ತು ಮೂಲೆಗಿಟ್ಟಳು. ‘ನಿಮ್ಮ ಕುರಿಗೆ ಇಡೀ ಗುಡ್ಡ ಐತಿ. ನನ್ನ ಹುಡುಗರಿಗೆ ಮಗ್ಗದ ಕೆಳಗ ಕಾಲ ಚಾಚಾಕ ಜಾಗಾ ಇಲ್ಲ. ಅವತ್ತ ಚಂದ ಆಗ್ತೈತಿ ಅಂದ ಬಾಯಿ ಯಾವುದವಾ?’ ಎಂದಳು. ಶಿವಪುತ್ರಣ್ಣ ಮಗ್ಗ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿ, ಮತ್ತೆ ಲಾಳಿ ಹೊಡೆದ. ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಅವಳೇ ಬಾಗಿಲಿಗೆ ಬಂದು ನಿಂತಳು. ‘ಹಳ್ಳದ ದಂಡ್ಯಾಗ ಮನಿ ಕೊಟ್ರ ಮಳಿಗಾಲದಾಗ ಮಗ್ಗದ ಕುಣಿಗೆ ನೀರ ಬರತೈತಿ ಅಂತ ನಮ್ಮ ಮನಿಯವರು ಅಂದ್ರು. ಮರಡಿ ಕಡೆನ ಕೊಡಲಿ. ಆದ್ರ ನಿನ್ನ ಕಾಗದಕ್ಕ ನಾ ಸಹಿ ಮಾಡಾಂಗಿಲ್ಲ ನೋಡ. ನನಗ ಜಾಗಾ ತಪ್ಪಿದ್ರ ನಿನ್ನ ಬಿಡಾಂಗಿಲ್ಲ’ ಎಂದಳು. ಕುಂಟು ಮರಿ ಅವಳ ಸೆರಗು ಜಗ್ಗಿತು. ‘ಇದನ್ನರ ನೋಡ, ಇದೂ ತಕರಾರ ಮಾಡತೈತಿ’ ಎಂದು ಬೈದಳು. ಬೈದದ್ದರಿಂದ ನನಗೆ ಜೀವ ಬಂದಂತಾಯಿತು. ಈಗ ಮತ್ತೆ ಕಂಡಿಕೆ ಸುತ್ತಲು ಹೋಗುತ್ತಿದ್ದೇನೆ. ಆದರೆ ಮಕ್ಕಳು ಮಗ್ಗದ ಕೆಳಗಿನಿಂದ ಹೊರಗೆ ತೆವಳಿ ಬರುವಾಗ ಆ ಕಡೆ ನೋಡಲಾಗುವುದಿಲ್ಲ. ದಾರಿ ಉಳಿದು ಅವಳಿಗೆ ಜಾಗ ತಪ್ಪಿದರೆ ಅದೂ ನನ್ನ ಲೆಕ್ಕಕ್ಕೇ ಬರುತ್ತದೆ. ಮೊದಲೇ ಖರೆ ಹೇಳಿದ್ದರೆ ನಕ್ಷೆಯಲ್ಲಿ ಆ ಹಳದಿ ಬರುತ್ತಿರಲಿಲ್ಲ, ಅವಳು ಅದರ ಮೇಲೆ ಬೆರಳಿಟ್ಟು ಮನೆ ಕಟ್ಟುತ್ತಲೂ ಇರಲಿಲ್ಲ.

ಇಷ್ಟು ಅಪ್ಪಾ. ಬಚ್ಚಿಟ್ಟದ್ದು ಏನೂ ಉಳಿದಿಲ್ಲ. ನೀನು ಚಿಂತೆ ಮಾಡಬೇಡ. ಅವಸರ ಮಾಡಿಕೊಂಡು ಬರುವುದೂ ಬೇಡ. ಅಲ್ಲಿ ಕಾಲುವೆಯ ನೀರಿದೆ, ಭತ್ತ ಕೊಯ್ದ ಗದ್ದೆಯಲ್ಲಿ ಮೇವಿದೆ, ಆ ಗದ್ದೆಯವನಿಗೆ ತಿಂಗಳ ಕೊನೆಯ ತನಕ ಕುರಿ ತರುಬುತ್ತೇನೆಂದು ಮಾತು ಕೊಟ್ಟಿದ್ದೀ. ಈ ಬಿಸಿಲಲ್ಲಿ ಹಸಿ ಮರಿಗಳನ್ನು ನಡೆಸುವುದೆಂದರೇನು ಎಂಬುದು ನನಗೂ ಗೊತ್ತು. ಸಾಹೇಬರು ಬಂದ ದಿನ ನಾನೊಬ್ಬಳೇ ಹಳ್ಳದಲ್ಲಿ ನಿಂತು ಹೇಳುತ್ತೇನೆ. ಅಷ್ಟು ಸಾಕು.

ಅವ್ವ ನಿಮ್ಮಿಬ್ಬರಿಗೂ ಹೊತ್ತಿಗೆ ಸರಿಯಾಗಿ ಉಣ್ಣಿರಿ ಎಂದು ಹೇಳಿದ್ದಾಳೆ. ಬೀರೇಶಣ್ಣನಿಗೆ ಶೇಂಗಾ ಹಿಂಡಿ ಕಟ್ಟಿದ್ದಾಳೆ. ಹಿಂಡಿನಲ್ಲಿರುವ ಎಲ್ಲ ಮುಖಗಳಿಗೂ ನಾನು ಕೇಳಿದೆನೆಂದು ಹೇಳು. ನಿನ್ನ ಹಳೆಯ ಕಂಬಳಿಯನ್ನು ಝಾಡಿಸಿ, ಬಿಸಿಲಿಗೆ ಹಾಕಿ, ಮತ್ತೆ ಕಟ್ಟೆಯ ಮೇಲೆಯೇ ಹಾಸಿದ್ದೇನೆ. ಬೀರಪ್ಪ ನಿಮ್ಮ ಬೆನ್ನಿಗಿರಲಿ.

ಇಂತಿ ನಿನ್ನ ಮಗಳು,
ರಾಜಶ್ರೀ

ತಾ.ಕ.: ಲಾಡಸಾಬ ಕಾಕಾ ಗಾಡಿ ಚಾಲೂ ಮಾಡಿ ‘ಮುಗೀತೇನವಾ ನಿನ್ನ ಪುರಾಣ?’ ಎಂದು ಒದರುತ್ತಿದ್ದಾರೆ. ಅಪ್ಪಾ, ಬರುವುದು ಬೇಡ ಎಂದು ಮೇಲೆ ಬರೆದೆನಲ್ಲ, ಅದು ಮತ್ತೆ ನನ್ನ ‘ಏನಿಲ್ಲ’ ಅಷ್ಟೇ. ನಾನೊಬ್ಬಳು ನಿಂತರೆ ಸಾಕಾಗುವುದಿಲ್ಲ. ‘ಅವತ್ತ ಅಲ್ಲಿ ಕುರಿ ನಿಂತಿದ್ರ ನಮಗೂ ಮಾತಾಡಾಕ ಆಸರ ಆಗ್ತೈತ್ರಿ, ಬರೇ ಬಯಲ ನೋಡಿದ್ರ ಸಾಹೇಬರಿಗೆ ಬಯಲ ಕಾಣತೈತಿ’ ಎಂದು ಮುಮ್ತಾಜ ಹೇಳಿದ್ದನ್ನು ನಾನು ಬರೆಯದೆ ಬಿಟ್ಟಿದ್ದೆ. ಬಾ ಅಪ್ಪಾ. ಬಸವ ಜಯಂತಿಗೆ ಮೊದಲೇ ಅಲ್ಲಿಂದ ಹೊರಡು. ಹಸಿ ಮರಿಗಳನ್ನು ಲಾಡಸಾಬ ಕಾಕಾ ಗಾಡಿಯಲ್ಲಿ ತರುತ್ತಾರಂತೆ, ಕೇಳಿದ್ದೇನೆ. ಉಳಿದವನ್ನು ತಂಪು ಹೊತ್ತಿನಲ್ಲಿ ನಡೆಸಿಕೊಂಡು, ಸೇತುವೆಯ ಕೆಳಗಿನಿಂದಲೇ ಹಳ್ಳಕ್ಕೆ ಇಳಿಸು. ಗದ್ದೆಯವನ ಮಾತು ಮುರಿಯಬೇಕಾದರೆ ನನ್ನ ಹೆಸರು ಹೇಳು. ಮತ್ತೊಂದು ಮಾತು ಇದೆ, ಅದನ್ನು ಅವ್ವನಿಗೂ ಹೇಳಿಲ್ಲ. ಎಷ್ಟು ಕುರಿ ಎಂದು ಸಾಹೇಬರು ಕೇಳೇ ಕೇಳುತ್ತಾರೆ. ನಮ್ಮವು ಎಷ್ಟು ಎಂದು ನನಗೂ ಗೊತ್ತಿಲ್ಲ, ನೀನೂ ಎಂದೂ ಎಣಿಸಿಲ್ಲ. ಅವು ಸೇತುವೆಯಿಂದ ಹೊರಗೆ ಬರುವಾಗ ನಾನು ದಂಡೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಎಣಿಸುತ್ತೇನೆ. ಕಣ್ಣು ತಾಗುವುದಿದ್ದರೆ ಎಣಿಸಿದ ನನಗೇ ತಾಗಲಿ. ನೀನು ಬೇಕಾದರೆ ಆ ಕಡೆ ಮುಖ ತಿರುಗಿಸಿ ನಿಲ್ಲು.